ಅಟ್ಟದ ಮೇಲಿನ ವಾಲ್ವ್ ರೇಡಿಯೋ: ದುರಸ್ತಿಗೆ ಖರ್ಚೆಷ್ಟು, ಶ್ರಮವೆಷ್ಟು?

(ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಮಲೆನಾಡಿನ ಹಳೆಯ ಮನೆಗಳ ಅಟ್ಟದಲ್ಲಿ ಹರಿದ ಕಂಬಳಿ, ಒಡೆದ ಕಡಾಯಿ, ಮುರಿದ ತೊಟ್ಟಿಲುಗಳ ನಡುವೆ ಒಂದು ಮರದ ಪೆಟ್ಟಿಗೆ ಧೂಳು ಹೊದ್ದು ಕುಳಿತಿರುವುದುಂಟು. ಅದು ವಾಲ್ವ್ ರೇಡಿಯೋ. ಗುಜರಿಯವನು ಅದನ್ನು ತೂಕಕ್ಕೆ ಕೊಳ್ಳುತ್ತಾನೆ. ಪುರಾತನ ವಸ್ತುಗಳ ವ್ಯಾಪಾರಿ ಒಳಗಿನದನ್ನು ಕಿತ್ತೆಸೆದು ಪೆಟ್ಟಿಗೆಯನ್ನಷ್ಟೇ ಅಲಂಕಾರಕ್ಕೆ ಮಾರುತ್ತಾನೆ. ಮೂರನೆಯ ದಾರಿಯೊಂದಿದೆ, ಅದನ್ನು ಮತ್ತೆ ನುಡಿಯುವಂತೆ ಮಾಡುವುದು.

1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿದ ಕಾಲದ್ದು ವಾಲ್ವ್ ಯುಗ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಗೆ ತೊಡಗಿತು. ಮಧ್ಯಮ ತರಂಗವು ನೆಲವನ್ನು ಅನುಸರಿಸಿ ಸಾಗುವುದರಿಂದ ಗುಡ್ಡಗಳ ಹಿಂದಿನ ಊರಿಗೂ ತಲುಪುತ್ತಿತ್ತು. ಎಫ್.ಎಂ. ತರಂಗ ಹಾಗಲ್ಲ, ಗುಡ್ಡ ಅಡ್ಡ ಬಂದರೆ ಬಹುಮಟ್ಟಿಗೆ ಅಲ್ಲಿಯೇ ನಿಲ್ಲುತ್ತದೆ.

ಸಾಮಾನ್ಯ ರೇಡಿಯೋದಲ್ಲಿ ಐದಾರು ವಾಲ್ವ್‌ಗಳಿರುತ್ತವೆ. ಗಾಜಿನ ಒಳಗಿನ ತಂತಿ ಕಾದು ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. 250 ವೋಲ್ಟ್‌ನ ಆಸುಪಾಸಿನ ಒತ್ತಡ ಅವನ್ನು ಎಳೆದುಕೊಳ್ಳುತ್ತದೆ. ಆದರೆ ಮೊದಲು ಕೆಡುವುದು ವಾಲ್ವ್ ಅಲ್ಲ, ಹಳೆಯ ಮೆಕ್ಯಾನಿಕ್‌ಗಳು ಕಂಡೆನ್ಸರ್ ಎನ್ನುತ್ತಿದ್ದ ಕೆಪಾಸಿಟರ್. ಮೇಣ ಸವರಿದ ಕಾಗದದ ಕೆಪಾಸಿಟರ್‌ಗಳು ಮಳೆಗಾಲದ ತೇವವನ್ನು ಹೀರಿ ಸೋರತೊಡಗುತ್ತವೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗುತ್ತವೆ. ತಂತಿಯ ರಬ್ಬರ್ ಪುಡಿಯಾಗುತ್ತದೆ. ಇಲಿ ಗೂಡು ಕಟ್ಟುತ್ತದೆ, ಸ್ಪೀಕರಿನ ಕಾಗದ ಹರಿಯುತ್ತದೆ, ಪೆಟ್ಟಿಗೆಗೆ ಹುಳು ಹಿಡಿಯುತ್ತದೆ.

ಆದ್ದರಿಂದ ಮೊದಲ ನಿಯಮ: ಅಟ್ಟದಿಂದ ಇಳಿಸಿದ ರೇಡಿಯೋವನ್ನು ಕುತೂಹಲಕ್ಕೂ ನೇರವಾಗಿ ಪ್ಲಗ್ಗಿಗೆ ಹಾಕಬಾರದು. ಸೋರುವ ಒಂದೇ ಕೆಪಾಸಿಟರ್ ಕೊನೆಯ ಹಂತದ ವಾಲ್ವ್ ಅನ್ನೂ ಟ್ರಾನ್ಸ್‌ಫಾರ್ಮರನ್ನೂ ಸುಡಬಲ್ಲದು. ಒಳಭಾಗದ ಚಿತ್ರ ಬರೆದುಕೊಂಡು, ಧೂಳು ತೆಗೆದು, ಸಂಶಯದ ಭಾಗಗಳನ್ನು ಒಂದೊಂದಾಗಿ ಬದಲಿಸಬೇಕು. ಬಳಿಕ 60 ಅಥವಾ 100 ವ್ಯಾಟ್‌ನ ತಂತಿ ಬಲ್ಬನ್ನು ಸರಣಿಯಲ್ಲಿ ಜೋಡಿಸಿ ವಿದ್ಯುತ್ ಕೊಡಬೇಕು. ಬಲ್ಬ್ ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ದೋಷವಿದೆ ಎಂದರ್ಥ.

ಎರಡನೆಯ ನಿಯಮ ಪ್ರಾಣದ್ದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಎಸಿ-ಡಿಸಿ ಮಾದರಿಗಳಲ್ಲಿ ಲೋಹದ ತಳಹದಿಯೇ ಮನೆಯ ವಿದ್ಯುತ್ತಿಗೆ ತಾಗಿರುತ್ತದೆ. ಬಲ್ಲವರು ಪಕ್ಕದಲ್ಲಿಲ್ಲದೆ ವಿದ್ಯಾರ್ಥಿಗಳು ಇದಕ್ಕೆ ಕೈ ಹಾಕಬಾರದು.

ಇನ್ನು ಹಣದ ಲೆಕ್ಕ. ಬದಲಿಸಬೇಕಾದ ಕೆಪಾಸಿಟರ್‌ಗಳು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು. ಒಂದೊಂದರ ಬೆಲೆ ಹೆಚ್ಚುಕಡಿಮೆ ಒಂದು ಲೋಟ ಚಹಾದ ಬೆಲೆ. ದೊಡ್ಡವಕ್ಕೆ ತುಸು ಹೆಚ್ಚು. ಪ್ರತಿರೋಧಕ, ವೈರು, ಡಯಲಿನ ದಾರ ಸೇರಿದರೂ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯಬಹುದು. ವಾಲ್ವ್ ಸತ್ತಿದ್ದರೆ ಲೆಕ್ಕ ಬದಲಾಗುತ್ತದೆ. ಗಾಜಿನ ಒಳಮೈಯ ಬೆಳ್ಳಿಯಂಥ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳನುಗ್ಗಿದೆ, ಅದು ಉಳಿಯದು. ಇಎಲ್ 84ರಂಥ ವಾಲ್ವ್‌ಗಳನ್ನು ಗಿಟಾರ್ ಆಂಪ್ಲಿಫೈಯರ್‌ಗಳಿಗಾಗಿ ಸ್ಲೊವಾಕಿಯಾ, ರಷ್ಯಾಗಳಲ್ಲಿ ಇಂದಿಗೂ ತಯಾರಿಸುತ್ತಾರೆ. ಅವು ಹೊರದೇಶದ ಬೆಲೆಗೆ ಸಿಗುತ್ತವೆ. ಇಸಿಎಚ್ 81, ಇಬಿಎಫ್ 89ರಂಥವುಗಳಿಗೆ ಹಳೆಯ ದಾಸ್ತಾನೇ ಗತಿ, ಇಲ್ಲವೆ ಇನ್ನೊಂದು ಸತ್ತ ರೇಡಿಯೋ. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತಬೇಕು. ಆ ಕೂಲಿ ಉಳಿದೆಲ್ಲ ಖರ್ಚನ್ನು ಮೀರಬಹುದು.

ಶ್ರಮದ ಲೆಕ್ಕ ಇದಕ್ಕಿಂತ ದೊಡ್ಡದು. ಭಾನುವಾರಗಳನ್ನಷ್ಟೇ ಕೊಟ್ಟರೆ ಎರಡು ಮೂರು ತಿಂಗಳು ಬೇಕಾದೀತು. ಪೇಟೆಯ ಮೆಕ್ಯಾನಿಕ್ ಈ ಗಂಟೆಗಳಿಗೆಲ್ಲ ಸರಿಯಾದ ಕೂಲಿ ಕೇಳಿದರೆ ರೇಡಿಯೋದ ಬೆಲೆಗಿಂತ ದುರಸ್ತಿಯೇ ದುಬಾರಿ. ಆತ ಕೇಳುವುದಿಲ್ಲ, ಅದಕ್ಕಾಗಿಯೇ ಆ ಕಸುಬನ್ನು ಅವನ ಮಕ್ಕಳು ಕಲಿಯಲಿಲ್ಲ.

ಪರಿಸರದ ಮಾತನ್ನೂ ಪ್ರಾಮಾಣಿಕವಾಗಿ ಆಡಬೇಕು. ವಾಲ್ವ್ ರೇಡಿಯೋ 40-50 ವ್ಯಾಟ್ ವಿದ್ಯುತ್ ನುಂಗುತ್ತದೆ. ಜೇಬಿನ ಟ್ರಾನ್ಸಿಸ್ಟರಿಗೆ ಒಂದು ವ್ಯಾಟ್ ಕೂಡ ಬೇಡ. ಕೇಳಲು ಉಳಿದಿರುವುದೂ ಕಡಿಮೆ. ಬಿಬಿಸಿ ತನ್ನ ಹಿಂದಿ ಕಿರುತರಂಗ ಪ್ರಸಾರವನ್ನು 2020ರ ಜನವರಿಯಲ್ಲಿ ನಿಲ್ಲಿಸಿತು. ದೇಶದ ಅನೇಕ ಮಧ್ಯಮ ತರಂಗ ಪ್ರಸಾರಕಗಳು ಮುಚ್ಚಿವೆ. ಖರ್ಚಿಗೆ ಇಳಿಯುವ ಮೊದಲು ಚಿಕ್ಕ ಟ್ರಾನ್ಸಿಸ್ಟರಿನಲ್ಲಿ ರಾತ್ರಿ ಕೇಳಿ ನೋಡುವುದು ವಿವೇಕ. ಎಲ್ಲ ಹಳೆಯ ರೇಡಿಯೋಗಳನ್ನೂ ಉಳಿಸಲಾಗದು, ಉಳಿಸಬೇಕಾಗಿಯೂ ಇಲ್ಲ.

ಹಾಗಾದರೆ ಪ್ರಯೋಜನವೇನು? ಹಿಂದಿನ ಹಲಗೆಯ ನಾಲ್ಕು ತಿರುಪು ಬಿಚ್ಚಿದರೆ ಆ ಯಂತ್ರದ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಎಷ್ಟೋ ಮಾದರಿಗಳಲ್ಲಿ ಯಾವ ವಾಲ್ವ್ ಎಲ್ಲಿ ಎಂಬ ನಕ್ಷೆಯನ್ನು ಒಳಗೇ ಅಂಟಿಸಿರುತ್ತಾರೆ. ಅದನ್ನು ಮಾಡಿದವರು ಒಂದು ದಿನ ಅದು ಕೆಡುತ್ತದೆ, ಯಾರೋ ಸರಿಪಡಿಸುತ್ತಾರೆ ಎಂದು ಒಪ್ಪಿಕೊಂಡು ಮಾಡಿದ್ದರು. ಇಂದಿನ ಅನೇಕ ಮೊಬೈಲ್‌ಗಳಿಗೆ ಅಂಟು ಹಾಕಿ ಮುಚ್ಚಿರುತ್ತಾರೆ. ಬ್ಯಾಟರಿ ಸೋತರೆ ಇಡೀ ಯಂತ್ರವೇ ಸೋತಂತೆ. ಅಂಥ ವಸ್ತುಗಳು ಕೊನೆಗೆ ಬೀಳುವುದು ಹಳ್ಳದ ದಂಡೆಗೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆದಿದೆ. ಆದರೆ ದುರಸ್ತಿ ಬಲ್ಲ ಕೈಗಳೇ ಇಲ್ಲದಿದ್ದರೆ ಹಕ್ಕು ಕಾಗದದಲ್ಲಿ ಉಳಿಯುತ್ತದೆ.

ಮುಂದಿನ ಮಳೆಗಾಲ ಹಿಡಿಯುವ ಮೊದಲು ಪ್ರತಿ ಊರಿನ ವಿದ್ಯಾರ್ಥಿಗಳು ಎರಡು ಪಟ್ಟಿ ಮಾಡಬಹುದು. ಒಂದು, ಯಾವ ಮನೆಯ ಅಟ್ಟದಲ್ಲಿ ಎಂಥ ರೇಡಿಯೋ ಇದೆ ಎಂಬುದು. ಇನ್ನೊಂದು, ಸುತ್ತಲಿನ ಪೇಟೆಗಳಲ್ಲಿ ವಾಲ್ವ್ ರಿಪೇರಿ ಬಲ್ಲ ಹಿರಿಯರು ಯಾರಿದ್ದಾರೆ ಎಂಬುದು. ಮೊದಲನೆಯ ಪಟ್ಟಿಯ ವಸ್ತುಗಳು ಇನ್ನೂ ಕೆಲವು ವರ್ಷ ಕಾದಾವು. ಎರಡನೆಯ ಪಟ್ಟಿಯವರ ಬಳಿಗೆ ಈಗಲೇ ಹೋಗಬೇಕು. ಅವರ ಪಕ್ಕದ ಸ್ಟೂಲಿನಲ್ಲಿ ಕುಳಿತು ಕಲಿಯಬೇಕು.