ಬಸುರಿ ಬಾಲಕಿ ಮನೆ ಬಿಡುವ ಮುನ್ನ
(ನಮ್ಮ ಆಸ್ಪತ್ರೆಯಲ್ಲಿ ತಾಯಂದಿರಿಗೆ ನೀಡಿದ ಆರೋಗ್ಯ ಉಪನ್ಯಾಸದ ಸಾರ)



ಇಂದಿನ ಮಾತು ಕೆಲವರಿಗೆ ಇರಿಸುಮುರಿಸು ಆಗಬಹುದು. ಆದರೂ ಹೇಳಲೇಬೇಕು. ಹದಿನಾರು, ಹದಿನೇಳರ ಹುಡುಗಿಗೆ ಮುಟ್ಟು ನಿಂತಿದೆ. ವಿಷಯ ತಿಳಿದ ಮನೆಯವರು ಹೊಡೆಯುತ್ತಾರೆ, ಇಲ್ಲವೇ ಅವಸರದಲ್ಲಿ ತಾಳಿ ಕಟ್ಟಿಸಲು ಹೊರಡುತ್ತಾರೆ. ಆಕೆ ಹೆದರಿ, ಗುಬ್ಬಿಯಲ್ಲಿ ರೈಲು ಹತ್ತಲೋ, ಕುಣಿಗಲ್ಲಿನಲ್ಲಿ ಬಸ್ಸು ಹತ್ತಲೋ ಎಂದು ಯೋಚಿಸುತ್ತಾಳೆ. ಒಬ್ಬಳೇ ಹೊರಟರೆ ಮೋಸಗಾರರ ಕೈಗೆ ಸಿಗುವ ಅಪಾಯವಿದೆ. ಹಾಗೆಂದು ಹೊಡೆತ ತಿಂದುಕೊಂಡು ಇರಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, 18 ತುಂಬದ, ಮನೆಯಲ್ಲಿ ರಕ್ಷಣೆಯಿಲ್ಲದ ಹುಡುಗಿಯ ಪಾಲನೆ ಸರ್ಕಾರದ ಹೊಣೆ. ಆಕೆ ತಾನೇ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬಹುದು. ಪೊಲೀಸರು, ನರ್ಸು, ವೈದ್ಯರೂ ಕರೆದೊಯ್ಯಬಹುದು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಹಾಜರುಪಡಿಸಬೇಕು. ಮನೆ ಕ್ಷೇಮವೋ, ಬಾಲಕಿಯರ ಮಂದಿರ ಕ್ಷೇಮವೋ ಎಂಬುದನ್ನು ಸಮಿತಿ ಆಕೆಯ ಮಾತು ಕೇಳಿ ತೀರ್ಮಾನಿಸುತ್ತದೆ. 1098ಕ್ಕೆ ಹಗಲು ರಾತ್ರಿ ಉಚಿತವಾಗಿ ಫೋನ್ ಮಾಡಬಹುದು.

ಮದುವೆ ಮಾಡಿದರೆ ಎಲ್ಲ ಮುಚ್ಚಿಹೋಗುತ್ತದೆ ಎಂಬುದು ತಪ್ಪು. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. 18ಕ್ಕಿಂತ ಚಿಕ್ಕ ಹೆಂಡತಿಯ ಜೊತೆಗಿನ ದೇಹಸಂಪರ್ಕವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

"ಆಸ್ಪತ್ರೆಗೆ ಬಂದರೆ ಪೊಲೀಸರಿಗೆ ತಿಳಿಸುತ್ತೀರಾ?" ಎಂದು ಕೇಳುವಿರಿ. ಹೌದು, 2012ರ ಪೋಕ್ಸೊ ಕಾಯ್ದೆಯಡಿ ತಿಳಿಸಲೇಬೇಕು. ಹುಡುಗಿ ಒಪ್ಪಿದ್ದಳು ಎಂಬ ಮಾತು ಅಲ್ಲಿ ನಡೆಯದು. ಆದರೆ ಆಕೆಯ ಗುರುತನ್ನು ಪತ್ರಿಕೆ, ಟಿ.ವಿ.ಗಳಲ್ಲಿ ಬಯಲು ಮಾಡುವುದು ಅಪರಾಧ. ಗರ್ಭಪಾತಕ್ಕೆ ಬಂದ ಹುಡುಗಿ ಮತ್ತು ಪೋಷಕರು ಕೋರಿದರೆ, ವೈದ್ಯರು ಪೊಲೀಸರಿಗೂ ಹೆಸರು ಹೇಳಬೇಕಿಲ್ಲವೆಂದು 2022ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ಚಿಕಿತ್ಸೆಗೆ ಹೆದರಿ ದೂರ ಉಳಿಯಬೇಡಿ.

ಗರ್ಭ ಉಳಿಸಿಕೊಳ್ಳಲು ಅಥವಾ ತೆಗೆಸಲು ಯಾರೂ ಬಲವಂತ ಮಾಡುವಂತಿಲ್ಲ. ತೆಗೆಸುವುದಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಪೋಷಕರೆಂದರೆ ಹೆತ್ತವರೇ ಆಗಬೇಕೆಂದಿಲ್ಲ, ಆಕೆಯ ಪಾಲನೆ ಹೊತ್ತವರು. 20 ವಾರದವರೆಗೆ ಒಬ್ಬ ವೈದ್ಯರ, ಅಲ್ಲಿಂದ 24 ವಾರದವರೆಗೆ ಇಬ್ಬರ ಅಭಿಪ್ರಾಯ ಸಾಕು. ಆದ್ದರಿಂದ ತಡಮಾಡಬಾರದು. ನಾಟಿ ಔಷಧಿ, ಅಂಗಡಿ ಮಾತ್ರೆಗಳಿಂದ ಪ್ರಾಣಕ್ಕೇ ಅಪಾಯ.

ಹೆರುವುದಾದರೆ ತಿಂಗಳು ತಿಂಗಳು ತಪಾಸಣೆ ಮಾಡಿಸಿ. ಎಳೆಯ ವಯಸ್ಸಿನ ಬಸುರಿಯರಲ್ಲಿ ರಕ್ತಹೀನತೆ, ರಕ್ತದೊತ್ತಡ ಹೆಚ್ಚು. ಹೆತ್ತ ಮಗುವನ್ನು ಸಾಕಲಾಗದಿದ್ದರೆ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶವಿದೆ.

ವಕೀಲರ ಖರ್ಚಿಗೆ ಚಿಂತೆ ಬೇಡ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೋ, ಗುಬ್ಬಿ, ಕುಣಿಗಲ್ ನ್ಯಾಯಾಲಯಗಳಲ್ಲಿರುವ ತಾಲ್ಲೂಕು ಸಮಿತಿಯನ್ನೋ ಕೇಳಿ. ಫೋನ್ 15100.

ಕಡೆಯದಾಗಿ ತಾಯಂದಿರಿಗೊಂದು ಮಾತು. ಮಗಳು ಮೊದಲು ಹೇಳಿಕೊಳ್ಳುವುದು ನಿಮ್ಮ ಮುಂದೆ. ಆಗ ಬೈಯದೆ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಆಕೆ ಮನೆ ಬಿಡುವ ಯೋಚನೆ ಅಲ್ಲಿಗೇ ನಿಲ್ಲಬಹುದು.