ಮುಖದ ಬಣ್ಣ ಮುಖದ್ದೇ ಇರಲಿ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ವರಾಂಡದ ಗೋಡೆಗೆ ಹಾಕಿದ ಭಾವಚಿತ್ರಗಳನ್ನು ತಾವೆಲ್ಲ ನೋಡಿಕೊಂಡೇ ಒಳಗೆ ಬಂದಿದ್ದೀರಿ. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ ಎಂದು ಸಮಿತಿಯವರು ಅವುಗಳನ್ನು ಒಂದು ಹದಕ್ಕೆ ತರುವ ಕೆಲಸ ನನಗೆ ವಹಿಸಿದರು. ಗಂಗಾವತಿಯ ಸ್ಟುಡಿಯೋ, ಕುಷ್ಟಗಿಯ ಹೊಲ, ಯಲಬುರ್ಗಾದ ಮದುವೆ ಮನೆ, ಕೊಪ್ಪಳದ ಆಫೀಸು, ಹೀಗೆ ಎಲ್ಲ ಕಡೆಯಿಂದ ಫೋಟೋ ಬಂದವು. ಟ್ಯೂಬ್‌ಲೈಟಿನಡಿ ತೆಗೆದದ್ದು ಹಸಿರು ಹೊಡೆದಿತ್ತು, ನೆರಳಿನಲ್ಲಿ ತೆಗೆದದ್ದು ನೀಲಿ. ಹಳೆಯ ಕಲರ್ ಪ್ರಿಂಟುಗಳು ಕೆಂಪಗಾಗಿದ್ದವು.

ನಾನು ಸುಲಭದ ದಾರಿ ಹಿಡಿದೆ. ಚೆನ್ನಾಗಿ ಬಂದಿದ್ದ ಒಂದು ಮುಖವನ್ನು ಮಾದರಿ ಮಾಡಿಕೊಂಡು ಉಳಿದವನ್ನೂ ಅದೇ ಬಣ್ಣಕ್ಕೆ ತಂದೆ. ನಮ್ಮ ಶಾಲೆಯಲ್ಲಿ ಬಿಸಿಯೂಟ ಬಡಿಸುವ ಅಕ್ಕನಿಗೆ ಅವರ ಫೋಟೋ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ತಮ್ಮಾ, ಚೆಂದ ಬಂದೈತಿ. ಆದರ ಇದು ನಾನಲ್ಲಲ್ಲ" ಎಂದರು. ನನಗೆ ತಲೆ ಎತ್ತಲಾಗಲಿಲ್ಲ.

ಇಂಥ ತಪ್ಪು ಹೊಸದಲ್ಲ. 1950ರ ದಶಕದಲ್ಲಿ ಕೊಡಾಕ್ ಕಂಪನಿ ಪ್ರಿಂಟ್ ಹಾಕುವ ಲ್ಯಾಬುಗಳಿಗೆ ಒಬ್ಬ ಬಿಳಿಯ ಹೆಂಗಸಿನ ಚಿತ್ರವಿದ್ದ ಕಾರ್ಡು ಕಳಿಸುತ್ತಿತ್ತು. ಅದಕ್ಕೆ ಶರ್ಲಿ ಕಾರ್ಡ್ ಎಂದು ಹೆಸರಾಯಿತು. ಆ ಮುಖ ಸರಿ ಬಂದರೆ ಪ್ರಿಂಟು ಸರಿ ಎಂದು ಲೆಕ್ಕ. ಕಪ್ಪು ಮೈಬಣ್ಣದವರ ಕಣ್ಣು ಮೂಗು ಕತ್ತಲಲ್ಲಿ ಮುಳುಗಿದರೂ ಯಂತ್ರದ ತಪ್ಪೆಂದು ಎಣಿಸುತ್ತಿರಲಿಲ್ಲ. ಬೇರೆ ಬೇರೆ ಮೈಬಣ್ಣದವರಿರುವ ಕಾರ್ಡು ಬಂದದ್ದು 1990ರ ದಶಕದಲ್ಲಿ. 2022ರಲ್ಲಿ ಗೂಗಲ್, ಸಮಾಜಶಾಸ್ತ್ರಜ್ಞ ಎಲಿಸ್ ಮಾಂಕ್ ರೂಪಿಸಿದ 10 ಛಾಯೆಗಳ ಮೈಬಣ್ಣದ ಪಟ್ಟಿಯನ್ನು ಎಲ್ಲರ ಬಳಕೆಗೆ ಬಿಟ್ಟಿತು.

ಮತ್ತೆ ಮೊದಲಿನಿಂದ ಕೂತೆ. ಈ ಸಲ ಮುಖವನ್ನು ಮುಟ್ಟದೆ, ಫೋಟೋದಲ್ಲಿರುವ ಬಿಳಿ ಅಂಗಿ ಅಥವಾ ಬೂದು ಗೋಡೆ ಹುಡುಕಿ ಅದನ್ನು ನಿಜವಾದ ಬಿಳಿ, ಬೂದು ಬಣ್ಣಕ್ಕೆ ತಂದೆ. ಇದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಒಂದೇ ಜಾಗ, ಒಂದೇ ಬೆಳಕಿನಲ್ಲಿ ತೆಗೆದ ಫೋಟೋಗಳಿದ್ದರೆ ಒಂದನ್ನು ತಿದ್ದಿ ಅದೇ ಅಳತೆಯನ್ನು ಉಳಿದವಕ್ಕೆ ಹಾಕಿದೆ. ನಾವು ಕಪ್ಪಗಿರಲಿ, ಬೆಳ್ಳಗಿರಲಿ, ಕಂಪ್ಯೂಟರಿನ ಲೆಕ್ಕದಲ್ಲಿ ನಮ್ಮೆಲ್ಲರ ಚರ್ಮ ಹೆಚ್ಚುಕಡಿಮೆ ಕಿತ್ತಳೆ ಬಣ್ಣದ ಆಸುಪಾಸಿನಲ್ಲೇ ಬೀಳುತ್ತದೆ. ಮುಖ್ಯವಾಗಿ ಬೇರೆಯಾಗುವುದು ತಿಳಿ ಎಷ್ಟು, ಗಾಢ ಎಷ್ಟು ಎಂಬುದು. ಹಾಗಾಗಿ ಮುಖಕ್ಕೆ ಹತ್ತಿದ ಹಸಿರು, ನೀಲಿ ತೆಗೆಯಬಹುದು. ಒಬ್ಬರ ಗಾಢತೆಯನ್ನು ಇನ್ನೊಬ್ಬರಿಗೆ ಸಮ ಮಾಡಬಾರದು. ಫೋಟೋಗಳು ಹೊಂದಿಕೊಳ್ಳಬೇಕಾದದ್ದು ಬೆಳಕಿನಲ್ಲಿ, ಮೈಬಣ್ಣದಲ್ಲಲ್ಲ.

ಈಗಿನ ಎಷ್ಟೋ ಮೊಬೈಲುಗಳಲ್ಲಿ ಬ್ಯೂಟಿ ಮೋಡ್ ಇರುತ್ತದೆ. ನಾವು ಕೇಳದೆಯೇ ಮುಖ ಬೆಳ್ಳಗಾಗುತ್ತದೆ. ಹೆಣ್ಣು ನೋಡಲು ಕಳಿಸುವ ಫೋಟೋದಲ್ಲಿ ನಾವೇ ಅದನ್ನು ಕೇಳಿ ಮಾಡಿಸುತ್ತೇವೆ. "ನೀನು ಇರುವಂತೆ ಸಾಲದು" ಎಂದು ಮಗಳಿಗೆ ಬಾಯಿಬಿಟ್ಟು ಹೇಳದಿದ್ದರೂ ಆ ಫೋಟೋ ಹೇಳುತ್ತದೆ. ಇಲ್ಲಿ ಕೂತಿರುವ ಮಕ್ಕಳೇ, ಫೋಟೋ ತಿದ್ದುವುದನ್ನು ಅವಶ್ಯವಾಗಿ ಕಲಿಯಿರಿ. ತಿದ್ದಿದ ಮೇಲೆ ಆ ಮನುಷ್ಯರಿಗೇ ಒಮ್ಮೆ ತೋರಿಸಿರಿ.

ನಾನೂ ಎರಡನೇ ಸಲ ಅಕ್ಕನಿಗೆ ತೋರಿಸಿದೆ. "ಈಗ ನಾ ಅದೀನಿ ನೋಡು" ಎಂದರು. ಅವರ ಫೋಟೋ ಹೊರಗಿನ ಗೋಡೆಯಲ್ಲಿ ಗುರುಗಳ ಸಾಲಿನಲ್ಲೇ ಇದೆ. ಹೋಗುವಾಗ ನೋಡಿ ಹೋಗಿರಿ.