ಗುಜರಿಯವನ ತಕ್ಕಡಿಗೆ ಬಾರದ ತೂಕ

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಒಂದು ಹಳದಿ ಕಾರಿದೆ. 1912ರ ರೋಲ್ಸ್ ರಾಯ್ಸ್. ನಮ್ಮ ರಾಯಚೂರು, ಮಾನ್ವಿ, ದೇವದುರ್ಗ ಆಗ ನಿಜಾಮರ ಸೀಮೆಯಲ್ಲೇ ಇದ್ದವು. ಕಾರಿಗೆ ಆರ್ಡರ್ ಕೊಟ್ಟ ಆರನೇ ನಿಜಾಮ ಮಹಬೂಬ್ ಅಲಿ ಖಾನ್ 1911ರಲ್ಲೇ ತೀರಿಕೊಂಡರು. ಕಾರು ಬಂತು, ತರಿಸಿದವರು ಇರಲಿಲ್ಲ. ಎಷ್ಟೋ ವರ್ಷ ಮೂಲೆ ಸೇರಿದ್ದ ಆ ಗಾಡಿ, ದುರಸ್ತಿಯಾಗಿ ಮತ್ತೆ ಹೊಳೀತಾ ಇದೆ.

ಅದು ಅರಸರ ಮಾತಾಯ್ತು. ನಮ್ಮ ಊರುಗಳಲ್ಲಿ ದೊಡ್ಡ ಮನೆಯ ಕಾರು ಅಂದ್ರೆ ಅಂಬಾಸಿಡರ್. 2014ರಲ್ಲಿ ಅದರ ತಯಾರಿಕೆಯೇ ನಿಂತಿತು. ಇವತ್ತು ಅಂಥದ್ದೊಂದು ಮನೆ ಮುಂದೆ ನಿಂತಿದ್ರೆ ಮಗ ಕೇಳ್ತಾನೆ: “ಇದನ್ನ ಇನ್ನಾ ಯಾಕ ಇಟ್ಟೀಯಪ್ಪಾ? ಗುಜರಿಗೆ ಹಾಕು.” ಅಪ್ಪ ಏನಂತ ಹೇಳಬೇಕು? ನಿಮ್ಮವ್ವನ್ನ ಹೆರಿಗೆಗೆ ರಾಯಚೂರಿಗೆ ಕರ್ಕೊಂಡು ಹೋಗಿದ್ದು ಇದ್ರಾಗೇ ಅಂತ? ಆ ತೂಕ ಗುಜರಿಯವನ ತಕ್ಕಡಿಗೆ ಬರೋದಿಲ್ಲ.

2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ‘ವಿಂಟೇಜ್’ ನೋಂದಣಿ. ಶುಲ್ಕ 20,000 ರೂಪಾಯಿ. ಪ್ರದರ್ಶನ, ರ‍್ಯಾಲಿಗೆ ಒಯ್ಯಬಹುದು, ದಿನಾ ಓಡಿಸುವಂತಿಲ್ಲ. ಆದರೆ 35 ವರ್ಷದ ಕಾರು? ಕಾನೂನಿಗೆ ಅದಿನ್ನೂ ಹುಡುಗ, ಮನೆಯವರಿಗೆ ಆಗಲೇ ಮುದುಕ. ಆ ನಡುವಿನ ವರ್ಷಗಳಲ್ಲಿ ಅದನ್ನು ಕಾಯೋದು ಮಾಲೀಕನ ಮಮತೆ ಮಾತ್ರ.

ಹಾಗಂತ ಬಿಸಿಲು ಮಳೆಗೆ ಬಿಟ್ಟು, ತುಕ್ಕು ಹಿಡಿಸಿ, “ಅಪ್ಪನ ನೆನಪು” ಅಂದ್ರೆ ಅದು ಪ್ರೀತಿಯಲ್ಲ, ಸೋಮಾರಿತನ. ನೆರಳಿಗೆ ನಿಲ್ಲಿಸಿ, ಆಯಿಲ್ ಬದಲಿಸಿ, ಆಗಾಗ ಸ್ಟಾರ್ಟ್ ಮಾಡಿ. ಆಗದಿದ್ರೆ, ಮಾಡುವವರ ಕೈಗೆ ಕೊಡಿ.